ಚೀನಾಕ್ಕೆ ವಿಶ್ವಸಂಸ್ಥೆಯ ಕುರ್ಚಿ ಕೊಡಿಸಿದ ಅಲ್ಬೇನಿಯಾ, ಅದೇ ಚೀನಾದ ಜೊತೆ ಮುನಿಸಿಕೊಂಡಿದ್ದೇಕೆ?

ತೈವಾನ್ ಸುದ್ದಿ ಬಂದಾಗಲೆಲ್ಲ ಒಂದು ಸಂಖ್ಯೆ ಕಿವಿಗೆ ಬೀಳುತ್ತದೆ: 2758. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1971ರ ಅಕ್ಟೋಬರ್ 25ರಂದು ಒಪ್ಪಿದ ನಿರ್ಣಯ ಅದು. ವಿಶ್ವಸಂಸ್ಥೆಯಲ್ಲಿ ಚೀನಾದ ಕುರ್ಚಿ ಬೀಜಿಂಗ್ ಸರ್ಕಾರದ್ದು, ಅಲ್ಲಿಯವರೆಗೆ ಅದರಲ್ಲಿ ಕೂತಿದ್ದ, ತೈವಾನಿನಿಂದ ಆಳುತ್ತಿದ್ದ ಚಿಯಾಂಗ್ ಕೈ ಶೇಕ್ ಕಡೆಯವರು ಎದ್ದು ಹೋಗಬೇಕು ಅನ್ನುವುದು ಅದರ ಸಾರ. ತೈವಾನ್ ತನ್ನದು ಎಂದು ವಾದಿಸುವಾಗ ಚೀನಾ ಇವತ್ತಿಗೂ ಇದನ್ನೇ ಮುಂದಿಡುತ್ತದೆ. ನಿರ್ಣಯದಲ್ಲಿ ತೈವಾನ್ ಅನ್ನೋ ಹೆಸರೇ ಇಲ್ಲವಲ್ಲ ಎಂದು ಅಮೆರಿಕ ತಕರಾರು ತೆಗೆಯುತ್ತದೆ.

ಆ ವಾದ ಹಾಗಿರಲಿ. ಈ ನಿರ್ಣಯವನ್ನು ಬಹಳ ಜನ ಕರೆಯುವುದು 'ಅಲ್ಬೇನಿಯಾ ನಿರ್ಣಯ' ಎಂದು. ಅಲ್ಬೇನಿಯಾ ಅಂದರೆ ಗ್ರೀಸ್ ಪಕ್ಕದ ಒಂದು ಪುಟ್ಟ ದೇಶ. ವಿಸ್ತೀರ್ಣದಲ್ಲಿ ಕೇರಳಕ್ಕಿಂತ ಚಿಕ್ಕದು. ಆಗಿನ ಜನಸಂಖ್ಯೆ 20 ಲಕ್ಷದ ಆಸುಪಾಸು. ಬೀಜಿಂಗ್‌ನಿಂದ ಅದರ ರಾಜಧಾನಿ ಟಿರಾನಾಕ್ಕೆ ಏಳು ಸಾವಿರ ಕಿಲೋಮೀಟರಿಗೂ ಜಾಸ್ತಿ. ಗಡಿ ಇಲ್ಲ, ಹಳೆಯ ವ್ಯಾಪಾರವಿಲ್ಲ, ಭಾಷೆ, ಧರ್ಮ ಯಾವುದರ ನಂಟೂ ಇಲ್ಲ. ಆದರೂ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಇವೆರಡೂ ಜೀವದ ಗೆಳೆಯರು. 1978ರಲ್ಲಿ ಒಮ್ಮೆಲೇ ಮಾತು ಬಿಟ್ಟರು.

ಎರಡೂ ಕಮ್ಯುನಿಸ್ಟ್ ದೇಶಗಳೇ ತಾನೇ, ಸ್ನೇಹದಲ್ಲಿ ಆಶ್ಚರ್ಯವೇನು ಅನ್ನಬಹುದು. ಆಶ್ಚರ್ಯ ಇದೆ. ಆ ಕಾಲದಲ್ಲಿ ಕಮ್ಯುನಿಸ್ಟ್ ದೇಶಗಳು ಒಬ್ಬರನ್ನೊಬ್ಬರು ಬೈದುಕೊಂಡಷ್ಟು ಜೋರಾಗಿ ಬಂಡವಾಳಶಾಹಿಗಳನ್ನು ಕೂಡ ಬೈಯಲಿಲ್ಲವೇನೋ.

ಪಕ್ಷದ ದಾರಿ, ಸರ್ಕಾರದ ದಾರಿ

ಮೊದಲು ಒಂದು ವಿಷಯ ತಿಳಿದುಕೊಂಡರೆ ಮುಂದಿನ ಕಥೆ ಸಲೀಸು. ಸಾಮಾನ್ಯವಾಗಿ ಎರಡು ದೇಶಗಳ ಸಂಬಂಧ ಸರ್ಕಾರಗಳ ನಡುವಿನದು. ರಾಯಭಾರ ಕಚೇರಿ ಇರುತ್ತದೆ, ವಿದೇಶಾಂಗ ಇಲಾಖೆ ಇರುತ್ತದೆ. ಕಮ್ಯುನಿಸ್ಟ್ ದೇಶಗಳ ನಡುವೆ ಇದರ ಜೊತೆಗೆ ಇನ್ನೊಂದು ದಾರಿ ಇತ್ತು. ಪಕ್ಷದಿಂದ ಪಕ್ಷಕ್ಕೆ ಹೋಗುವ ದಾರಿ. ಪಕ್ಷದ ಕೇಂದ್ರ ಸಮಿತಿಗಳು ನೇರವಾಗಿ ಪತ್ರ ಬರೆಯುತ್ತಿದ್ದವು, ಒಬ್ಬರ ಮಹಾಧಿವೇಶನಕ್ಕೆ ಇನ್ನೊಬ್ಬರು ಹೋಗುತ್ತಿದ್ದರು. ನಿಜವಾದ ತೀರ್ಮಾನಗಳು ಈ ದಾರಿಯಲ್ಲೇ ಆಗುತ್ತಿದ್ದವು. ರಾಯಭಾರಿಗಳ ಕೆಲಸ ಆಮೇಲಿನದು.

ಹಾಗಾಗಿ ಜಗಳವೂ ಅಲ್ಲೇ ಶುರು. ಮಾರ್ಕ್ಸ್ ಮತ್ತು ಲೆನಿನ್ ಹೇಳಿದ್ದನ್ನು ನೀವು ಸರಿಯಾಗಿ ಪಾಲಿಸುತ್ತಿಲ್ಲ ಎಂದು ಒಂದು ಪಕ್ಷ ಇನ್ನೊಂದಕ್ಕೆ ಬರೆಯುತ್ತದೆ. ಮೂಲ ಸಿದ್ಧಾಂತವನ್ನು ತಮಗೆ ಬೇಕಾದಂತೆ ತಿದ್ದಿದವರಿಗೆ 'ಪರಿಷ್ಕರಣವಾದಿ' ಎಂದು ಹೆಸರು. ಕಮ್ಯುನಿಸ್ಟರ ನಡುವೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಪತ್ರದ ಜಗಳ ಪತ್ರಿಕೆಗೆ ಬರುತ್ತದೆ. ಆಮೇಲೆ ಸಾಲ ನಿಲ್ಲುತ್ತದೆ, ಎಂಜಿನಿಯರುಗಳು ಗಂಟುಮೂಟೆ ಕಟ್ಟುತ್ತಾರೆ. ಅಲ್ಬೇನಿಯಾ ಇದನ್ನು ಮೂರು ಸಲ ಅನುಭವಿಸಿತು. ಮೊದಲು ಯುಗೊಸ್ಲಾವಿಯಾ, ಆಮೇಲೆ ಸೋವಿಯತ್ ಒಕ್ಕೂಟ, ಕೊನೆಗೆ ಚೀನಾ.

ಪಕ್ಕದ ಮನೆಯ ಭಯ

ಎರಡನೇ ಮಹಾಯುದ್ಧದ ಕೊನೆಗೆ, 1944ರ ನವೆಂಬರಿನಲ್ಲಿ, ಎನ್ವರ್ ಹೊಜಾ ನೇತೃತ್ವದ ಕಮ್ಯುನಿಸ್ಟರು ಅಲ್ಬೇನಿಯಾದ ಅಧಿಕಾರ ಹಿಡಿದರು. ಅವರನ್ನು ಬೆಳೆಸಿದ್ದೇ ಪಕ್ಕದ ಯುಗೊಸ್ಲಾವಿಯಾದ ಕಮ್ಯುನಿಸ್ಟರು. ಸಾಕಿದವರಿಗೆ ಸ್ವಲ್ಪ ಅಧಿಕಾರ ಇರುತ್ತದಲ್ಲ, ಯುಗೊಸ್ಲಾವಿಯಾದ ನಾಯಕ ಟಿಟೊ ಅದನ್ನು ಜಾಸ್ತಿಯೇ ಚಲಾಯಿಸಿದರು. ಎರಡು ದೇಶಗಳ ಸುಂಕ ವ್ಯವಸ್ಥೆ ಒಂದಾಯಿತು. ಹಣದ ಲೆಕ್ಕವೂ ಯುಗೊಸ್ಲಾವ್ ದಿನಾರಿಗೆ ಕಟ್ಟಿಬಿತ್ತು. ಇನ್ನೊಂದು ಹೆಜ್ಜೆ ಹಾಕಿದ್ದರೆ ಅಲ್ಬೇನಿಯಾ ಯುಗೊಸ್ಲಾವಿಯಾದ ಒಂದು ಪ್ರಾಂತ್ಯ ಆಗುತ್ತಿತ್ತು. ನೀವು ಅಲ್ಬೇನಿಯಾವನ್ನು ನುಂಗಿದರೆ ನಮ್ಮ ತಕರಾರಿಲ್ಲ ಎಂಬರ್ಥದ ಮಾತನ್ನು ಸೋವಿಯತ್ ನಾಯಕ ಸ್ಟಾಲಿನ್ 1948ರ ಆರಂಭದಲ್ಲಿ ಆಡಿದ್ದರು ಎಂದು, ಆಗ ಎದುರಿಗೆ ಕೂತಿದ್ದ ಯುಗೊಸ್ಲಾವ್ ನಾಯಕ ಜಿಲಾಸ್ ಆಮೇಲೆ ಬರೆದಿದ್ದಾರೆ.

ಅಷ್ಟರಲ್ಲಿ ಸ್ಟಾಲಿನ್‌ಗೂ ಟಿಟೊಗೂ ಕೆಟ್ಟಿತು. 1948ರ ಜೂನ್ 28ರಂದು ಯುಗೊಸ್ಲಾವಿಯಾವನ್ನು ಕಮ್ಯುನಿಸ್ಟ್ ಕೂಟದಿಂದ ಹೊರಹಾಕಿದರು. ಹೊಜಾ ಕ್ಷಣವೂ ತಡಮಾಡಲಿಲ್ಲ. ಸ್ಟಾಲಿನ್ ಪಕ್ಷ ಹಿಡಿದರು, ಯುಗೊಸ್ಲಾವ್ ಸಲಹೆಗಾರರನ್ನು ಹೊರಗೆ ಕಳಿಸಿದರು, ಟಿಟೊಗೆ ಹತ್ತಿರವಿದ್ದ ಗೃಹಮಂತ್ರಿ ಕೊಚಿ ಜೊಜೆಯನ್ನು ಮರುವರ್ಷ ಮರಣದಂಡನೆಗೆ ಗುರಿಮಾಡಿದರು. ದೇಶವೂ ಉಳಿಯಿತು, ಹೊಜಾ ಕುರ್ಚಿಯೂ ಉಳಿಯಿತು.

ಈ ಭಯವನ್ನು ಮರೆತರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಹೊಜಾ ಎಲ್ಲ ದೇಶಗಳನ್ನೂ ಅಳೆದದ್ದು ಒಂದೇ ಪ್ರಶ್ನೆಯಿಂದ: ಇವರು ಟಿಟೊ ಕಡೆಯವರೋ, ನನ್ನ ಕಡೆಯವರೋ?

ಕ್ರುಶ್ಚೇವ್ ಬಂದರು, ಗೋಧಿ ನಿಂತಿತು

1953ರಲ್ಲಿ ಸ್ಟಾಲಿನ್ ತೀರಿಕೊಂಡರು. ನಂತರ ಬಂದ ಕ್ರುಶ್ಚೇವ್ ಎರಡು ಕೆಲಸ ಮಾಡಿದರು. 1955ರಲ್ಲಿ ಬೆಲ್‌ಗ್ರೇಡಿಗೆ ಹೋಗಿ ಟಿಟೊ ಜೊತೆ ರಾಜಿ ಮಾಡಿಕೊಂಡರು. 1956ರಲ್ಲಿ ಪಕ್ಷದ ಮುಚ್ಚಿದ ಸಭೆಯಲ್ಲಿ ಸ್ಟಾಲಿನ್ ಮಾಡಿದ ದೌರ್ಜನ್ಯಗಳನ್ನು ಬಿಚ್ಚಿಟ್ಟರು. ಹೊಜಾಗೆ ಎರಡೂ ನುಂಗಲಾರದ ತುತ್ತು. ಟಿಟೊ ಅಂದರೆ ಹಳೆಯ ಭಯ. ಇನ್ನು ಸ್ಟಾಲಿನ್ ಆಳಿದ ರೀತಿಯಲ್ಲೇ ಹೊಜಾ ಕೂಡ ಆಳುತ್ತಿದ್ದರು. ಸ್ಟಾಲಿನ್ ಮಾಡಿದ್ದು ತಪ್ಪಾದರೆ ತಾವು ಮಾಡುತ್ತಿರುವುದು ಏನು?

ಅದೇ ಹೊತ್ತಿಗೆ ಚೀನಾಕ್ಕೂ ಮಾಸ್ಕೋ ಮೇಲೆ ಸಿಟ್ಟು ಏರುತ್ತಿತ್ತು. ಅಣುಬಾಂಬಿನ ಮಾದರಿ ಕೊಡುತ್ತೇವೆ ಎಂದಿದ್ದ ಸೋವಿಯತ್ ಒಕ್ಕೂಟ 1959ರಲ್ಲಿ ಕೈಯೆತ್ತಿತು. ಅದೇ ವರ್ಷ ಭಾರತ-ಚೀನಾ ಗಡಿಯಲ್ಲಿ ಗುಂಡು ಹಾರಿದಾಗ ಮಾಸ್ಕೋ ಯಾರ ಪರವೂ ನಿಲ್ಲದೆ ಒಂದು ಹೇಳಿಕೆ ಕೊಟ್ಟು ಸುಮ್ಮನಾಯಿತು. ಕಮ್ಯುನಿಸ್ಟ್ ಸೋದರ ದೇಶವನ್ನೂ ನೆಹರೂ ಅವರ ಭಾರತವನ್ನೂ ಸಮನಾಗಿ ನೋಡಿದ್ದು ಚೀನಾದ ನಾಯಕ ಮಾವೋಗೆ ಅವಮಾನ ಅನ್ನಿಸಿತು. 1960ರ ಬೇಸಿಗೆಯಲ್ಲಿ ಕ್ರುಶ್ಚೇವ್ ಚೀನಾದಲ್ಲಿದ್ದ ತಮ್ಮ ತಜ್ಞರನ್ನೆಲ್ಲ ವಾಪಸ್ ಕರೆಸಿಕೊಂಡರು.

ಹೀಗೆ ಯುರೋಪಿನ ಒಂದು ಮೂಲೆಯಲ್ಲಿ ಒಬ್ಬರು, ಏಷ್ಯಾದಲ್ಲಿ ಇನ್ನೊಬ್ಬರು. ಕಾರಣ ಬೇರೆ ಬೇರೆ, ಸಿಟ್ಟು ಒಬ್ಬರ ಮೇಲೆಯೇ. ಈ ಸ್ನೇಹದ ಬುನಾದಿ ಇಷ್ಟೇ. ಅದು ಮುರಿದದ್ದೂ ಈ ಬುನಾದಿ ಕುಸಿದಾಗಲೇ.

1960ರಲ್ಲಿ ಅಲ್ಬೇನಿಯಾಕ್ಕೆ ಬರ ಬಡಿದಿತ್ತು. ಗೋಧಿ ಕಳಿಸಿ ಎಂದು ಮಾಸ್ಕೋಗೆ ಕೇಳಿದರೆ ಉತ್ತರ ಎಳೆಯುತ್ತಾ ಹೋಯಿತು. ಅಲ್ಬೇನಿಯಾ ಆಗಲೇ ಚೀನಾದ ಕಡೆ ವಾಲಿತ್ತು, ಇದು ಅದರ ಶಿಕ್ಷೆ ಎಂದು ಹೊಜಾ ತಿಳಿದರು. ಆ ನವೆಂಬರಿನಲ್ಲಿ ಮಾಸ್ಕೋದಲ್ಲಿ 81 ಪಕ್ಷಗಳ ಸಮ್ಮೇಳನ ನಡೆಯಿತು. ಅಲ್ಲಿ ಹೊಜಾ ಎದ್ದು ನಿಂತು ಕ್ರುಶ್ಚೇವ್ ಮುಖಕ್ಕೇ ದೂರಿದರು. ಹದಿನಾರು ಲಕ್ಷ ಜನರ ದೇಶದ ನಾಯಕ ಸೋವಿಯತ್ ನಾಯಕನನ್ನು ಅವರದೇ ಊರಿನಲ್ಲಿ ಹಾಗೆ ತರಾಟೆಗೆ ತೆಗೆದುಕೊಂಡಿದ್ದು ಸಭೆಯನ್ನು ದಂಗುಬಡಿಸಿತು.

ಗೋಧಿ ಕೊನೆಗೆ ಬಂದದ್ದು ಚೀನಾದಿಂದ. ಅದೂ ಚೀನಾ ಕೆನಡಾದಿಂದ ತನಗಾಗಿ ಕೊಂಡಿದ್ದ ಗೋಧಿ. ಆ ವರ್ಷಗಳಲ್ಲಿ ಚೀನಾದಲ್ಲೇ ಭೀಕರ ಕ್ಷಾಮ. ಕೋಟಿಗೂ ಮಿಕ್ಕಿ ಜನ ಹಸಿವಿನಿಂದ ಸತ್ತ ಕಾಲ ಅದು. ಗೆಳೆತನ ತೋರಿಸಲು ಮಾವೋ ಸರ್ಕಾರ ತೆತ್ತ ಬೆಲೆ ಎಂಥದ್ದು ನೋಡಿ.

1961ರಲ್ಲಿ ಸೋವಿಯತ್ ನೌಕಾಪಡೆ ವ್ಲೋರಾ ಕೊಲ್ಲಿಯ ಪಾಶಾ ಲಿಮಾನ್ ನೆಲೆಯನ್ನು ಬಿಟ್ಟು ಹೊರಟಿತು. ಮೆಡಿಟರೇನಿಯನ್ ಸಮುದ್ರದಲ್ಲಿ ಸೋವಿಯತ್ತರಿಗಿದ್ದ ಜಲಾಂತರ್ಗಾಮಿ ನೆಲೆ ಅದೊಂದೇ. ಅಲ್ಲಿದ್ದ 12 ಜಲಾಂತರ್ಗಾಮಿಗಳಲ್ಲಿ 8 ಹೋದವು. ಉಳಿದ 4 ನಮ್ಮವು ಎಂದು ಅಲ್ಬೇನಿಯಾ ಹಿಡಿದಿಟ್ಟುಕೊಂಡಿತು. ಡಿಸೆಂಬರಿನಲ್ಲಿ ಮಾಸ್ಕೋ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡಿತು.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ

1960ರಿಂದ 1963ರವರೆಗೆ ಕಮ್ಯುನಿಸ್ಟ್ ಪತ್ರಿಕೆಗಳನ್ನು ಓದಿದವರಿಗೆ ತಲೆ ಕೆಟ್ಟಿರಬೇಕು. ಮಾಸ್ಕೋ ಅಲ್ಬೇನಿಯಾವನ್ನು ಬೈಯುತ್ತಿತ್ತು, ಏಟು ಹೋಗುತ್ತಿದ್ದುದು ಚೀನಾಕ್ಕೆ. ಬೀಜಿಂಗ್ ಯುಗೊಸ್ಲಾವಿಯಾವನ್ನು ಬೈಯುತ್ತಿತ್ತು, ಗುರಿ ಮಾಸ್ಕೋ. ದೊಡ್ಡವರಿಬ್ಬರೂ ನೇರವಾಗಿ ಹೆಸರೆತ್ತಲು ಇನ್ನೂ ಹಿಂಜರಿಯುತ್ತಿದ್ದರು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತೇವಲ್ಲ, ಹಾಗೆ. ವ್ಯತ್ಯಾಸ ಒಂದೇ, ಈ ಕೊತ್ತಿ ತಿರುಗಿ ಪರಚುತ್ತಿತ್ತು.

1961ರ ಅಕ್ಟೋಬರಿನಲ್ಲಿ ಮಾಸ್ಕೋದ ಪಕ್ಷದ ಅಧಿವೇಶನದಲ್ಲಿ ಕ್ರುಶ್ಚೇವ್ ಅಲ್ಬೇನಿಯಾವನ್ನು ಹೆಸರು ಹಿಡಿದು ಖಂಡಿಸಿದರು. ಅತಿಥಿಯಾಗಿದ್ದ ಚೀನಾದ ಪ್ರಧಾನಿ ಚೌ ಎನ್ ಲಾಯ್ ಇದನ್ನು ಆಕ್ಷೇಪಿಸಿದರು. ಹೋಗಿ ಸ್ಟಾಲಿನ್ ಸಮಾಧಿಗೆ ಹೂವಿನ ಹಾರ ಇಟ್ಟು, ಅಧಿವೇಶನ ಮುಗಿಯುವ ಮೊದಲೇ ವಿಮಾನ ಹತ್ತಿದರು.

ಈ ಬಿರುಕು ನಮ್ಮ ದೇಶದವರೆಗೂ ಬಂತು. 1964ರಲ್ಲಿ ಭಾರತದ ಕಮ್ಯುನಿಸ್ಟ್ ಪಕ್ಷ ಒಡೆದು ಸಿಪಿಐ, ಸಿಪಿಎಂ ಎಂದು ಎರಡಾಯಿತು. ಅದಕ್ಕೆ ಇಲ್ಲಿನದೇ ಕಾರಣಗಳೂ ಇದ್ದವು. 1962ರ ಯುದ್ಧ ಆಗಷ್ಟೇ ಮುಗಿದಿತ್ತು, ಕಾಂಗ್ರೆಸ್ ಜೊತೆ ಹೇಗಿರಬೇಕು ಅನ್ನುವ ಪ್ರಶ್ನೆಯೂ ಇತ್ತು. ಆದರೆ ಮಾಸ್ಕೋ ಮತ್ತು ಬೀಜಿಂಗ್ ಜಗಳದ ನೆರಳು ಇಲ್ಲದೆ ಆ ಒಡಕು ಅರ್ಥವಾಗುವುದಿಲ್ಲ.

ದುಡ್ಡು, ಉಕ್ಕು ಮತ್ತು ಸಿಗರೇಟು

1963ರ ಕೊನೆಯ ದಿನ ಚೌ ಎನ್ ಲಾಯ್ ಟಿರಾನಾಕ್ಕೆ ಬಂದಿಳಿದರು. ಮುಂದಿನ ವರ್ಷಗಳಲ್ಲಿ ಮತ್ತೆ ಎರಡು ಸಲ ಬಂದರು. 1966ರಲ್ಲಿ ಅಲ್ಬೇನಿಯಾದ ಪಕ್ಷದ ಅಧಿವೇಶನಕ್ಕೆ ಕಳಿಸಿದ ಸಂದೇಶದಲ್ಲಿ ಮಾವೋ ಹಳೆಯ ಚೀನೀ ಕವಿತೆಯ ಸಾಲೊಂದನ್ನು ಸೇರಿಸಿದರು. ಆತ್ಮೀಯ ಗೆಳೆಯನಿದ್ದರೆ ಭೂಮಿಯ ಅಂಚೂ ಪಕ್ಕದ ಮನೆಯೇ ಎನ್ನುವ ಅರ್ಥದ ಸಾಲು. ಚೀನಾದಲ್ಲಿ ಅದು ಮಕ್ಕಳ ಬಾಯಲ್ಲೂ ನಲಿಯಿತು.

ಮಾತಿನ ಜೊತೆ ದುಡ್ಡೂ ಬಂತು. ಟಿರಾನಾದಲ್ಲಿ ಚೀನಾದ ರಾಯಭಾರಿಯಾಗಿದ್ದ ಗೆಂಗ್ ಬಿಯಾವ್ ಕೊಟ್ಟ ಲೆಕ್ಕದ ಪ್ರಕಾರ, 1954ರಿಂದ ಅವರ ಕಾಲದವರೆಗೆ ಚೀನಾ ಕೊಟ್ಟ ನೆರವು 900 ಕೋಟಿ ಯುವಾನ್ ಹತ್ತಿರ. ತಲೆಗೆ ಹಂಚಿದರೆ ಒಬ್ಬ ಅಲ್ಬೇನಿಯನ್ನನಿಗೆ 4,000 ಯುವಾನ್‌ಗೂ ಹೆಚ್ಚು. ಚೀನಾದಲ್ಲಿ ಆಗ ಒಬ್ಬರ ಸರಾಸರಿ ವಾರ್ಷಿಕ ಆದಾಯ 200 ಯುವಾನ್ ಆಸುಪಾಸು. ಈ ಲೆಕ್ಕವನ್ನು ಅಲ್ಬೇನಿಯಾ ಒಪ್ಪಲಿಲ್ಲ, ಚೀನಾ ಬೆಲೆ ಉಬ್ಬಿಸಿ ಹೇಳುತ್ತಿದೆ ಎಂದಿತು. ಅರ್ಧ ಕಳೆದರೂ ದೊಡ್ಡ ಮೊತ್ತವೇ.

ಗೆಂಗ್ ಬಿಯಾವ್ ಅವರ ಕಣ್ಣಿಗೆ ಬಿದ್ದ ಒಂದು ವಿಷಯ ವಿದ್ಯುತ್ ಕಂಬಗಳದ್ದು. ಚೀನಾ ಕಳಿಸಿದ ಒಳ್ಳೆಯ ಉಕ್ಕಿನ ಕೊಳವೆಗಳನ್ನು ಅಲ್ಬೇನಿಯಾದಲ್ಲಿ ರಸ್ತೆ ಬದಿಯ ಕಂಬಗಳಾಗಿ ನೆಟ್ಟಿದ್ದರು. ಚೀನಾದಲ್ಲಿ ಅದೇ ಕೆಲಸಕ್ಕೆ ಮರದ ಕಂಬ. ಕೊಡುವವರ ಮನಸ್ಸು ಎಲ್ಲಿಂದ ಕಹಿಯಾಗಲು ಶುರುವಾಯಿತು ಎಂದು ಇದರಿಂದ ಊಹಿಸಬಹುದು. ಅವರು ಬೀಜಿಂಗಿಗೆ ತಮ್ಮ ಅಸಮಾಧಾನವನ್ನು ಬರೆದೂ ಕಳಿಸಿದರು.

ನೆರವು ಬರೀ ಪೋಲಾಯಿತು ಅನ್ನುವುದೂ ಸರಿಯಲ್ಲ. ಎಲ್ಬಸಾನ್ ಊರಿನ ದೊಡ್ಡ ಉಕ್ಕಿನ ಕಾರ್ಖಾನೆ, ಡ್ರಿನ್ ನದಿಯ ಜಲವಿದ್ಯುತ್ ಕೇಂದ್ರಗಳು, ರಸಗೊಬ್ಬರ ಮತ್ತು ಬಟ್ಟೆ ಗಿರಣಿಗಳು, ಯುದ್ಧ ವಿಮಾನಗಳು ಹೀಗೆ ಬಂದವು. ಸಾವಿರಾರು ಚೀನೀ ತಂತ್ರಜ್ಞರು ಅಲ್ಲಿ ದುಡಿದರು. ಟಿರಾನಾ ರೇಡಿಯೋಗೆ ಚೀನಾ ಶಕ್ತಿಶಾಲಿ ಪ್ರಸಾರ ಯಂತ್ರಗಳನ್ನು ಕೊಟ್ಟಿತು. ಬದಲಿಗೆ ಆ ರೇಡಿಯೋ ಬೀಜಿಂಗಿನ ಕಾರ್ಯಕ್ರಮಗಳನ್ನು ಯುರೋಪಿಗೆ ದಾಟಿಸಿತು.

ಅಲ್ಬೇನಿಯಾ ಕೊಟ್ಟದ್ದು ಕ್ರೋಮ್ ಅದಿರು, ಡಾಂಬರು, ತಂಬಾಕು. ಮಾವೋ ಹಳೆಯದನ್ನೆಲ್ಲ ಕಿತ್ತೊಗೆಯಲು ಹೊರಟಿದ್ದ ಸಾಂಸ್ಕೃತಿಕ ಕ್ರಾಂತಿಯ ಕಾಲದ ಚೀನಾದಲ್ಲಿ ಅಲ್ಬೇನಿಯಾದ ಸಿಗರೇಟು ಅಗ್ಗಕ್ಕೆ ಸಿಗುತ್ತಿತ್ತು. ಅದರ ಘಾಟು ವಾಸನೆಯನ್ನು ಆ ಪೀಳಿಗೆಯವರು ಇನ್ನೂ ಮರೆತಿಲ್ಲ. ಸಿನಿಮಾಗಳೂ ಬಂದವು. ವಿದೇಶಿ ಚಿತ್ರಗಳು ಹೆಚ್ಚುಕಡಿಮೆ ನಿಂತೇ ಹೋಗಿದ್ದ ದೇಶದಲ್ಲಿ ಅಲ್ಬೇನಿಯಾದ ಯುದ್ಧದ ಚಿತ್ರಗಳೇ ಹಬ್ಬ. ಕ್ರಾಂತಿಯ ಸಂದೇಶಕ್ಕಿಂತ ನಟಿಯರ ಉಡುಪು, ಗಿಟಾರು, ಕಡಲತೀರ ನೋಡಲು ಹೋದವರು ಕಡಿಮೆ ಇರಲಿಲ್ಲ.

ಚೀನಾಕ್ಕೆ ಇದರಿಂದ ಲಾಭವೇನು? ಆಗ ಅದು ಒಂಟಿ. ಅಮೆರಿಕ ಮಾತಾಡಿಸುತ್ತಿರಲಿಲ್ಲ, ಸೋವಿಯತ್ ಒಕ್ಕೂಟ ಮುನಿದಿತ್ತು. 1967ರ ಹೊತ್ತಿಗೆ ತನ್ನ ರಾಯಭಾರಿಗಳಲ್ಲಿ ಒಬ್ಬರನ್ನು ಬಿಟ್ಟು ಉಳಿದವರನ್ನೆಲ್ಲ ಚೀನಾ ವಾಪಸ್ ಕರೆಸಿಕೊಂಡಿತ್ತು. ಮಾಸ್ಕೋ ದಾರಿ ತಪ್ಪಿದೆ, ನಾವು ಸರಿ ಎಂದು ಯುರೋಪಿನ ಒಳಗಿಂದ ಕೂಗಿ ಹೇಳುವ ಒಂದು ಸರ್ಕಾರ ಬೇಕಿತ್ತು. ವಿಶ್ವಸಂಸ್ಥೆಯಲ್ಲಿ ಕೈ ಎತ್ತುವವರೂ ಬೇಕಿತ್ತು.

ನ್ಯೂಯಾರ್ಕಿನಲ್ಲಿ ಆದದ್ದು

1949ರಲ್ಲಿ ಮಾವೋ ಗೆದ್ದರೂ ವಿಶ್ವಸಂಸ್ಥೆಯ ಕುರ್ಚಿ ತೈವಾನಿಗೆ ಓಡಿಹೋದ ಚಿಯಾಂಗ್ ಸರ್ಕಾರದ ಬಳಿಯೇ ಉಳಿದಿತ್ತು. ಭದ್ರತಾ ಮಂಡಳಿಯ ವೀಟೊ ಅಧಿಕಾರವೂ ಅದರ ಜೊತೆಗೇ. ಬೀಜಿಂಗ್‌ಗೆ ಕೊಡಿ ಎಂಬ ಬೇಡಿಕೆಯನ್ನು 1960ರ ದಶಕದಲ್ಲಿ ಅಲ್ಬೇನಿಯಾ ಮತ್ತೆ ಮತ್ತೆ ತಂದಿತು, ಮತ್ತೆ ಮತ್ತೆ ಸೋತಿತು. ಅಷ್ಟರಲ್ಲಿ ಆಫ್ರಿಕಾ, ಏಷ್ಯಾದ ಹೊಸ ದೇಶಗಳು ಸದಸ್ಯರಾಗುತ್ತಾ ಬಂದವು. ಲೆಕ್ಕ ಬದಲಾಯಿತು.

1971ರಲ್ಲಿ ಅಮೆರಿಕ ಒಂದು ತಂತ್ರ ಹೂಡಿತು. ಚೀನಾದ ಕುರ್ಚಿ ಮಹತ್ವದ ವಿಷಯ, ಅದಕ್ಕೆ ಮೂರನೇ ಎರಡರಷ್ಟು ಬಹುಮತ ಬೇಕು ಅನ್ನುವ ನಿಲುವನ್ನು ಮತಕ್ಕೆ ಹಾಕಿಸಿತು. ಪರವಾಗಿ 55, ವಿರುದ್ಧ 59. ಬಿತ್ತು. ಸೋಲು ಖಚಿತವಾಗುತ್ತಿದ್ದಂತೆ ಚಿಯಾಂಗ್ ಪ್ರತಿನಿಧಿಗಳು ಎದ್ದು ಹೊರನಡೆದರು. ಅಲ್ಬೇನಿಯಾದ ನಿರ್ಣಯಕ್ಕೆ 76 ಪರ, 35 ವಿರುದ್ಧ, 17 ತಟಸ್ಥ. ತಾಂಜಾನಿಯಾದವರು ಸಭಾಂಗಣದಲ್ಲೇ ಕುಣಿದರು. 1962ರ ಗಾಯ ಇದ್ದರೂ ಭಾರತ ಪರವಾಗಿಯೇ ಮತ ಹಾಕಿತು.

ಹೊಜಾ ಪಾಲಿಗೆ ಇದು ದೊಡ್ಡ ಗೆಲುವು. ಆದರೆ ಆ ಹೊತ್ತಿಗೆ ಅವರ ಮನಸ್ಸು ಆಗಲೇ ಹುಳಿಯಾಗಿತ್ತು.

ನಿಕ್ಸನ್ ಬರುತ್ತಾರಂತೆ

ಮತದಾನಕ್ಕೆ ಮೂರು ತಿಂಗಳ ಮೊದಲು, ಜುಲೈನಲ್ಲಿ, ಅಮೆರಿಕ ಅಧ್ಯಕ್ಷರ ಸಲಹೆಗಾರ ಕಿಸಿಂಜರ್ ಗುಟ್ಟಾಗಿ ಬೀಜಿಂಗಿಗೆ ಬಂದು ಹೋಗಿದ್ದರು. ಅಧ್ಯಕ್ಷ ನಿಕ್ಸನ್ ಬರುತ್ತಾರೆ ಎಂಬ ಘೋಷಣೆಯೂ ಆಯಿತು. ಹೊಜಾಗೆ ಮೊದಲೇ ಯಾರೂ ಹೇಳಿರಲಿಲ್ಲ. ಆಗಸ್ಟಿನಲ್ಲಿ ಅವರ ಪಕ್ಷ ಮಾವೋಗೆ ಉದ್ದ ಪತ್ರ ಬರೆಯಿತು. ಇದು ತಪ್ಪು, ನಮ್ಮನ್ನು ಕೇಳದೆ ಮಾಡಿದ್ದು ಇನ್ನೂ ತಪ್ಪು ಎಂಬ ಧಾಟಿಯದು. ಉತ್ತರ ಬರಲಿಲ್ಲ.

ಚೀನಾದ ಲೆಕ್ಕ ಬೇರೆಯಿತ್ತು. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಜೆಕೊಸ್ಲೊವಾಕಿಯಾಕ್ಕೆ ನುಗ್ಗಿದ್ದವು. 1969ರಲ್ಲಿ ಉಸ್ಸೂರಿ ನದಿಯ ಗಡಿಯಲ್ಲಿ ಚೀನೀ ಮತ್ತು ಸೋವಿಯತ್ ಸೈನಿಕರು ಗುಂಡು ಹಾರಿಸಿಕೊಂಡಿದ್ದರು. ಸಾವಿರಾರು ಕಿಲೋಮೀಟರ್ ಗಡಿಯುದ್ದಕ್ಕೂ ಸೋವಿಯತ್ ಸೈನ್ಯ ನಿಂತಿರುವಾಗ, ಅಮೆರಿಕವನ್ನೂ ವೈರಿಯಾಗಿ ಇಟ್ಟುಕೊಳ್ಳುವುದು ದುಬಾರಿ ಅನ್ನಿಸಿತು. ಹೊಜಾ ನಿಲುವು ಇಬ್ಬರೂ ಅಷ್ಟೇ ಕೆಟ್ಟವರು ಅನ್ನುವುದು. ಸೋವಿಯತ್ ಗಡಿ ಇಲ್ಲದ ಪುಟ್ಟ ದೇಶಕ್ಕೆ ಆ ನಿಲುವು ಸುಲಭ, ಅಲ್ವಾ?

1968ರಲ್ಲಿ ಸೋವಿಯತ್ ನೇತೃತ್ವದ ಸೇನಾ ಕೂಟವಾದ ವಾರ್ಸಾ ಒಪ್ಪಂದದಿಂದ ಹೊರಬಂದ ಅಲ್ಬೇನಿಯಾಕ್ಕೆ ಚೌ ಎನ್ ಲಾಯ್ ಒಂದು ಸಲಹೆ ಕೊಟ್ಟಿದ್ದರಂತೆ. ನಾವು ದೂರ ಇದ್ದೇವೆ, ಯುಗೊಸ್ಲಾವಿಯಾ ಮತ್ತು ರೊಮೇನಿಯಾ ಜೊತೆ ರಕ್ಷಣಾ ಒಪ್ಪಂದ ಮಾಡಿಕೊಳ್ಳಿ ಎಂದು. ಇದು ಅಲ್ಬೇನಿಯಾ ಆಮೇಲೆ ಮಾಡಿದ ಆರೋಪ. ಚೀನಾದ ದೃಷ್ಟಿಯಲ್ಲಿ ವ್ಯವಹಾರದ ಮಾತು. ಟಿಟೊ ಹೆಸರು ಕೇಳಿದರೆ ಉರಿದು ಬೀಳುವ ಹೊಜಾಗೆ ಅದು ದ್ರೋಹ.

ಮೂರು ಜಗತ್ತಿನ ಜಗಳ

1974ರಲ್ಲಿ ಚೀನಾದ ಉಪಪ್ರಧಾನಿ ಡೆಂಗ್ ಶಿಯಾವೊಪಿಂಗ್ ವಿಶ್ವಸಂಸ್ಥೆಯಲ್ಲಿ ಮಾವೋ ಅವರ 'ಮೂರು ಜಗತ್ತು' ವಿಚಾರವನ್ನು ಮಂಡಿಸಿದರು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಮೊದಲನೆಯದು. ಜಪಾನ್, ಯುರೋಪಿನಂಥವರು ಎರಡನೆಯದು. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕ ಮೂರನೆಯದು, ಚೀನಾ ಅದರಲ್ಲಿ ಒಂದು. ಎರಡು ಮತ್ತು ಮೂರನೆಯವರು ಒಟ್ಟಾಗಿ ಮೊದಲನೆಯವರನ್ನು ಎದುರಿಸಬೇಕು.

ಇದರಲ್ಲಿ ಕಾರ್ಮಿಕರು ಎಲ್ಲಿ, ಮಾಲೀಕರು ಎಲ್ಲಿ ಎಂದು ಹೊಜಾ ಕೇಳಿದರು. ದೇಶಗಳನ್ನು ಸಿರಿತನ, ಬಲ ನೋಡಿ ವಿಂಗಡಿಸಿದರೆ ವರ್ಗ ಹೋರಾಟ ಏನಾಯಿತು? ಸಿದ್ಧಾಂತದ ಮಟ್ಟಿಗೆ ಗಟ್ಟಿ ಪ್ರಶ್ನೆಯೇ. ಅದರ ಹಿಂದೆ ದುಡ್ಡಿನ ಸಿಟ್ಟೂ ಇತ್ತು. ಮುಂದಿನ ಐದು ವರ್ಷದ ಯೋಜನೆಗೆ ಅಲ್ಬೇನಿಯಾ ಕೇಳಿದ್ದಕ್ಕಿಂತ ತೀರಾ ಕಡಿಮೆ ಸಾಲವನ್ನು ಚೀನಾ 1975ರಲ್ಲಿ ಒಪ್ಪಿತ್ತು.

1976ರಲ್ಲಿ ಚೌ ತೀರಿಕೊಂಡರು, ಸೆಪ್ಟೆಂಬರಿನಲ್ಲಿ ಮಾವೋ. 1977ರ ಜುಲೈನಲ್ಲಿ ಅಲ್ಬೇನಿಯಾದ ಪಕ್ಷದ ಪತ್ರಿಕೆ ಮೂರು ಜಗತ್ತಿನ ವಿಚಾರವನ್ನು ಬಹಿರಂಗವಾಗಿ ಟೀಕಿಸಿತು, ಚೀನಾದ ಹೆಸರು ಹೇಳದೆ. ಮರುತಿಂಗಳು ಬೀಜಿಂಗ್ ಟಿಟೊ ಅವರನ್ನು ಭರ್ಜರಿಯಾಗಿ ಸ್ವಾಗತಿಸಿತು. ಹೊಜಾಗೆ ಇನ್ನೇನೂ ಉಳಿಯಲಿಲ್ಲ. 1978ರ ಜುಲೈನಲ್ಲಿ ಚೀನಾ ನೆರವೆಲ್ಲ ಬಂದ್, ತಜ್ಞರೆಲ್ಲ ವಾಪಸ್ ಎಂದು ಲಿಖಿತವಾಗಿ ತಿಳಿಸಿತು. ಅದೇ ತಿಂಗಳ ಕೊನೆಗೆ ಅಲ್ಬೇನಿಯಾ ಹತ್ತು ಹದಿನೈದು ವರ್ಷದ ಅಸಮಾಧಾನವನ್ನೆಲ್ಲ ಸುರಿದು ಒಂದು ಉದ್ದ ಬಹಿರಂಗ ಪತ್ರ ಬರೆಯಿತು.

ಗಮನಿಸಿ, ರಾಜತಾಂತ್ರಿಕ ಸಂಬಂಧ ಕಡಿಯಲಿಲ್ಲ. ಕಚೇರಿಗಳ ಬಾಗಿಲು ತೆರೆದೇ ಇತ್ತು. ಸತ್ತದ್ದು ಪಕ್ಷದ ದಾರಿ, ಅದರ ಜೊತೆಗೆ ವ್ಯಾಪಾರ.

ಒಂಟಿಯಾದ ಮೇಲೆ

ಚೀನೀ ಯುದ್ಧ ವಿಮಾನಗಳಿಗೆ ಬಿಡಿಭಾಗ ಸಿಗದಾಯಿತು. ಕಾರ್ಖಾನೆಗಳಲ್ಲಿ ಯಂತ್ರ ಕೆಟ್ಟರೆ ಅಲ್ಲೇ ಏನಾದರೂ ಮಾಡಿಕೊಳ್ಳಬೇಕು. ಬೇರೆಯವರ ಬಳಿ ಸಾಲ ಕೇಳಲು ದಾರಿಯಿರಲಿಲ್ಲ. 1976ರ ಹೊಸ ಸಂವಿಧಾನದಲ್ಲಿ ವಿದೇಶಿ ಸಾಲವನ್ನೇ ನಿಷೇಧಿಸಿದ್ದರು. ಹೊಜಾ ದೇಶದ ತುಂಬಾ ಕಾಂಕ್ರೀಟ್ ಬಂಕರ್‌ಗಳನ್ನು ಕಟ್ಟಿಸುತ್ತಲೇ ಹೋದರು. ಹೊಲ, ಬೀಚು, ಬೆಟ್ಟ ಎಲ್ಲೆಂದರಲ್ಲಿ, ಲಕ್ಷಕ್ಕೂ ಮೀರಿ. ಯಾವ ಸೈನ್ಯವೂ ದಾಳಿಗೆ ಬರಲಿಲ್ಲ.

ಗಡಿ ಎಷ್ಟು ಬಿಗಿಯಾಗಿತ್ತು ಅನ್ನಲು ನಮಗೆ ಗೊತ್ತಿರುವ ಒಬ್ಬರ ಉದಾಹರಣೆ ಇದೆ. ಕೋಲ್ಕತ್ತಾದ ಮದರ್ ತೆರೇಸಾ ಅಲ್ಬೇನಿಯನ್ ಮನೆತನದವರು. ಅವರ ತಾಯಿ ಮತ್ತು ಅಕ್ಕ ಟಿರಾನಾದಲ್ಲಿದ್ದರು. ಇಬ್ಬರೂ 1970ರ ದಶಕದ ಆರಂಭದಲ್ಲಿ ತೀರಿಕೊಂಡರು. ಅವರನ್ನು ನೋಡಲು ಮಗಳಿಗೆ ಕೊನೆಗೂ ಅನುಮತಿ ಸಿಗಲಿಲ್ಲ. ಆ ನೆಲಕ್ಕೆ ಕಾಲಿಡಲು ಅವರಿಗೆ ಸಾಧ್ಯವಾದದ್ದು 1989ರಲ್ಲಿ, ಹೊಜಾ ಸತ್ತು ನಾಲ್ಕು ವರ್ಷದ ಮೇಲೆ.

ಚೀನಾದ ಜೊತೆ ಮಾತ್ರ ಮುನಿಸು ಅಷ್ಟು ದಿನ ಎಳೆಯಲಿಲ್ಲ. 1983ರಲ್ಲಿ ವ್ಯಾಪಾರ ಮತ್ತೆ ಶುರುವಾಯಿತು, ಹೊಜಾ ಬದುಕಿದ್ದಾಗಲೇ. ಈ ಸಲ ಕವಿತೆಯ ಸಾಲೂ ಇಲ್ಲ, ಸಾಲವೂ ಇಲ್ಲ. ಸಾಮಾನು ಕೊಟ್ಟು ಸಾಮಾನು ತಗೊಳ್ಳುವ ಲೆಕ್ಕ ಅಷ್ಟೇ.